ಅನಸ್ತಮಿತ ವ್ರತವೂ ಅಡುಗೆಮನೆಯ ಹಸಿವೂ

ದೇವದರ್ಶನ, ಸೋಸಿದ ನೀರು, ಹೊತ್ತು ಮುಳುಗುವ ಮುನ್ನ ಊಟ, ಈ ಮೂರರಿಂದಲೇ ಶ್ರಾವಕನ ಮನೆಯನ್ನು ನೆರೆಹೊರೆಯವರು ಗುರುತಿಸುತ್ತಾರೆ. ಇವುಗಳಲ್ಲಿ ಮೂರನೆಯದು ಸುಲಭವಾದ ವ್ರತವೆಂದು ಸಾಮಾನ್ಯವಾದ ಭಾವನೆ. ಉಪವಾಸದಲ್ಲಿರುವಂತೆ ಇಲ್ಲಿ ಹೊಟ್ಟೆಯನ್ನು ಬರಿದಾಗಿ ಇಡಬೇಕಾಗಿಲ್ಲ. ಊಟದ ಹೊತ್ತನ್ನು ಸ್ವಲ್ಪ ಮುಂಚಿತವಾಗಿ ತಂದುಕೊಂಡರೆ ಸಾಕು. ಆದರೆ ಹಾಗೆ ಹೊತ್ತನ್ನು ಮುಂಚಿತವಾಗಿ ತರುವ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬಂದಿದೆ, ಅದರಿಂದ ಅವರಿಗೆ ಒದಗುವ ಕಷ್ಟವೆಂಥದು ಎಂಬ ವಿಚಾರವು ವ್ರತದ ಪ್ರಶಂಸೆಯ ನಡುವೆ ಕೇಳಿಬರುವುದು ವಿರಳ.

ಕಾರ್ತಿಕ, ಮಾರ್ಗಶಿರ ಮಾಸಗಳಲ್ಲಿ ಕರ್ನಾಟಕದಲ್ಲಿ ಸೂರ್ಯನು ಸಂಜೆ 6 ಗಂಟೆಯ ಆಸುಪಾಸಿಗೆ ಅಸ್ತಮಿಸುತ್ತಾನೆ. ಆಷಾಢದಲ್ಲಿ 7 ಗಂಟೆಯ ಆಸುಪಾಸು. ಪಂಡಿತ ಆಶಾಧರರು ಸಾಗಾರ ಧರ್ಮಾಮೃತದಲ್ಲಿ ಹಗಲಿನ ಮೊದಲ ಮುಹೂರ್ತದಲ್ಲಿಯೂ ಕೊನೆಯ ಮುಹೂರ್ತದಲ್ಲಿಯೂ ಉಣ್ಣುವುದನ್ನು ದೋಷವೆಂದೇ ಎಣಿಸಿದ್ದಾರೆ. ಮುಹೂರ್ತವೆಂದರೆ ಎರಡು ಗಳಿಗೆ, ಅಂದರೆ 48 ನಿಮಿಷ. ಹೀಗೆ ಲೆಕ್ಕ ಹಾಕಿದರೆ ಚಳಿಗಾಲದಲ್ಲಿ 5 ಗಂಟೆ ದಾಟುತ್ತಲೇ ಎಲೆಯಿಂದ ಏಳಬೇಕಾಗುತ್ತದೆ. ಅಂಗಡಿ, ಕಚೇರಿ, ಶಾಲೆ ಇವು ಯಾವುವೂ ಈ ಲೆಕ್ಕವನ್ನು ಅರಿಯವು. ಮನೆಯ ಗಂಡಸರು ಮಕ್ಕಳು ಹೊರಗಿನಿಂದ ಬರುವ ಹೊತ್ತಿಗೂ ಸೂರ್ಯನು ಹೋಗುವ ಹೊತ್ತಿಗೂ ನಡುವೆ ಉಳಿಯುವುದು ಒಂದು ಇಕ್ಕಟ್ಟಾದ ಓಣಿ. ಆ ಓಣಿಯಲ್ಲಿ ದಿನವೂ ಓಡುವವಳು ಅಡುಗೆಯವಳು.

ಬಯಲುಸೀಮೆಯ ಒಂದು ಊರಿನ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮನೆಯ ಹಿರಿಯರು ವ್ರತಿಗಳು. ಅಷ್ಟಮಿ ಚತುರ್ದಶಿಗಳನ್ನು ತಪ್ಪದೆ ಆಚರಿಸುವವರು. ಮಗನದು ಧಾನ್ಯದ ವ್ಯಾಪಾರ. ಹಿರಿಯರ ಪತ್ನಿ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮಗನು ಅಂಗಡಿಯಿಂದ ಬರುವಾಗ ಚಳಿಗಾಲದಲ್ಲಿ ಹೊತ್ತು ಮುಳುಗಲು ಅರ್ಧ ಗಂಟೆ ಉಳಿದಿದ್ದರೆ ಅದೇ ಹೆಚ್ಚು. ಎಲ್ಲರೂ ಒಟ್ಟಿಗೆ ಕೂಡುತ್ತಾರೆ. ಜೋಳದ ರೊಟ್ಟಿ ಹಂಚಿನಿಂದ ಇಳಿದಂತೆ ಒಂದೊಂದಾಗಿ ತಟ್ಟೆಗೆ ಬರಬೇಕು. ಆರಿದ ರೊಟ್ಟಿ ಆ ಮನೆಯಲ್ಲಿ ಬೆಳಗಿನ ಉಪಾಹಾರಕ್ಕೆ ಮಾತ್ರ ಸಲ್ಲುವುದು. ಸೊಸೆ ತಟ್ಟುತ್ತಾಳೆ, ಬೇಯಿಸುತ್ತಾಳೆ; ಅತ್ತೆ ಬಡಿಸುತ್ತಾರೆ. ಎಲ್ಲರ ಊಟ ಮುಗಿದು ಅತ್ತೆಯೂ ಅವಸರದಲ್ಲಿ ನಾಲ್ಕು ತುತ್ತು ತಿನ್ನುವ ವೇಳೆಗೆ ಅಂಗಳದ ಬೆಳಕು ಹೋಗಿರುತ್ತದೆ. ಸೊಸೆ ಹಂಚನ್ನು ಇಳಿಸಿ, ಒಲೆಯನ್ನು ಆರಿಸಿ, ಉಳಿದ ಹಿಟ್ಟನ್ನು ದನಕ್ಕೆ ಹಾಕಿ ಕೈ ತೊಳೆಯುತ್ತಾಳೆ. ಅವಳಿಗೆ ಅಂದು ಊಟವಿಲ್ಲ. ವಾರದಲ್ಲಿ ಮೂರು ನಾಲ್ಕು ದಿನ ಹೀಗೆ. ಹಿರಿಯರ ಉಪವಾಸಗಳು ಒಂದು ಪುಸ್ತಕದಲ್ಲಿ ತಿಥಿಸಹಿತ ದಾಖಲಾಗಿವೆ; ಇವಳ ಹಸಿವು ಯಾವ ಪುಸ್ತಕದಲ್ಲಿಯೂ ಇಲ್ಲ.

ರಾತ್ರಿ ಹಿರಿಯರು ಸ್ವಾಧ್ಯಾಯಕ್ಕೆ ಕುಳಿತುಕೊಳ್ಳುತ್ತಾರೆ, ಮನೆಯವರು ಕೇಳುತ್ತಾರೆ. ಒಂದು ರಾತ್ರಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ನಡೆದಿತ್ತು. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹಿರಿಯರು ಬಿಡಿಸಿ ಹೇಳಿದರು: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಗೋಡೆಗೊರಗಿ ಕುಳಿತಿದ್ದ ಅವರ ಪತ್ನಿ, ಎಂದೂ ನಡುವೆ ಬಾಯಿ ಹಾಕದವರು, “ಕಡೆಯದು ಈ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ನಡೆಯುತ್ತದೆ” ಎಂದರು. ಹಿರಿಯರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಅದು ಹಸು ಮೊದಲಾದ ಪಶುಗಳ ವಿಷಯದಲ್ಲಿ ಹೇಳಿದ್ದು ಎಂದು ವ್ಯಾಖ್ಯಾನವನ್ನು ತೋರಿಸಿದರು. ವ್ಯಾಖ್ಯಾನದಲ್ಲಿ ಹಾಗೆಯೇ ಇದೆ. “ಹಸುವಿಗೆ ಹೊತ್ತಿಗೆ ಸರಿಯಾಗಿ ಹಾಕುತ್ತಿದ್ದೇವೆ” ಎಂದು ಆಕೆ ಹೇಳಿ ಸುಮ್ಮನಾದರು.

ಆ ಮಾತಿಗೆ ಶಾಸ್ತ್ರದಲ್ಲಿ ಆಧಾರವಿದೆಯೇ, ಇಲ್ಲವೇ ಅದು ಬಳಲಿದ ಮನಸ್ಸಿನ ಉದ್ಗಾರ ಮಾತ್ರವೇ ಎಂಬುದನ್ನು ವಿಚಾರಿಸಬೇಕಾಗಿದೆ.

ಕನ್ನಡ ನಾಡಿನವರೆಂದು ಪರಂಪರೆ ಹೇಳುವ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಒಂದು ಶಂಕೆಯನ್ನು ಎತ್ತಿಕೊಳ್ಳುತ್ತಾರೆ. ರಾತ್ರಿಭೋಜನ ತ್ಯಾಗವೆಂಬ ಆರನೆಯ ವ್ರತವೊಂದಿದೆಯಲ್ಲ, ಅದನ್ನು ಐದು ವ್ರತಗಳೊಡನೆ ಏಕೆ ಎಣಿಸಲಿಲ್ಲ? ಅದು ಬೇರೆಯಲ್ಲ, ಅಹಿಂಸಾವ್ರತದ ಭಾವನೆಗಳಲ್ಲಿ ಒಂದಾದ ಆಲೋಕಿತಪಾನಭೋಜನದಲ್ಲಿಯೇ ಅಡಕವಾಗಿದೆ ಎಂದು ಅವರ ಸಮಾಧಾನ. ನೋಡಿ ಉಣ್ಣುವುದು, ನೋಡಿ ಕುಡಿಯುವುದು. ಬೆಳಕಿಲ್ಲದಾಗ ಕಾಣದ ಜೀವಿಗಳು ಆಹಾರದಲ್ಲಿ ಬಿದ್ದು ಸಾಯುತ್ತವೆಯೆಂಬ ಕರುಣೆಯೇ ಈ ನಿಯಮದ ಬೇರು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಆರನೆಯ ಪ್ರತಿಮೆಯನ್ನು ಹೇಳುವಾಗಲೂ ನಾಲ್ಕು ವಿಧದ ಆಹಾರವನ್ನು ರಾತ್ರಿ ಬಿಟ್ಟವನು ಎಂದಷ್ಟೇ ಹೇಳಿ ನಿಲ್ಲಿಸಿಲ್ಲ. ಜೀವಿಗಳಲ್ಲಿ ಅನುಕಂಪೆಯುಳ್ಳ ಮನಸ್ಸಿನವನು ಎಂದು ಸೇರಿಸಿದ್ದಾರೆ. ಅನಸ್ತಮಿತವು ಗಡಿಯಾರದ ವ್ರತವಲ್ಲ. ಅಹಿಂಸೆಯ ಕೊಂಬೆಯಲ್ಲಿ ಬಿಟ್ಟ ಹಣ್ಣು ಅದು. ದೀಪದ ಹುಳುವನ್ನು ಉಳಿಸಲು ಹೊರಟ ನಿಯಮದಿಂದಲೇ ಪಂಚೇಂದ್ರಿಯ ಜೀವವೊಂದು ಮನೆಯೊಳಗೆ ದಿನಗಟ್ಟಲೆ ಹಸಿದಿದ್ದರೆ, ಕೊಂಬೆಯು ತನ್ನ ಮರವನ್ನೇ ಒಣಗಿಸಿದಂತೆ ಆಗಲಿಲ್ಲವೇ?

ಇದಕ್ಕೆ ಬರುವ ಉತ್ತರಗಳು ಪರಿಚಿತವಾದವು. ಅವಳೂ ವ್ರತಸ್ಥಳೇ, ಅವಳ ಹಸಿವು ತಪಸ್ಸಾಯಿತು ಎಂಬುದು ಮೊದಲನೆಯದು. ಇಲ್ಲಿ ಶಾಸ್ತ್ರಕಾರರ ವಿವೇಕ ಬಹಳ ಸೂಕ್ಷ್ಮವಾದದ್ದು. ಅನಶನವು ಬಾಹ್ಯ ತಪಸ್ಸು ನಿಜ. ಆದರೆ ತಪಸ್ಸಾಗಲು ಸಂಕಲ್ಪ ಬೇಕು. ಬೆಳಗ್ಗೆ ಪ್ರತ್ಯಾಖ್ಯಾನ ಮಾಡಿ ಚತುರ್ವಿಧ ಆಹಾರವನ್ನು ಬಿಟ್ಟವನ ಹಸಿವು ಬೇರೆ; ಉಣ್ಣಲೆಂದು ಹಿಟ್ಟು ಕಲಸಿ, ಉಣ್ಣಲಾಗದೆ ಎದ್ದವಳ ಹಸಿವು ಬೇರೆ. ಎರಡನೆಯದಕ್ಕೂ ಶಾಸ್ತ್ರದಲ್ಲಿ ಹೆಸರಿದೆ: ಅಕಾಮ ನಿರ್ಜರೆ. ಬಯಸದೆ ಬಂದ ಕಷ್ಟವನ್ನು ಸಹಿಸುವುದರಿಂದ ಆಗುವ ಕರ್ಮದ ಸವೆತ. ಇದಕ್ಕೆ ಪೂಜ್ಯಪಾದರು ಕೊಡುವ ದೃಷ್ಟಾಂತ ಯಾರದು? ಸೆರೆಯಲ್ಲಿ ಬಂಧಿತನಾದವನದು. ಅವನು ಹಸಿವು ಬಾಯಾರಿಕೆಗಳನ್ನು ತಡೆದಿರುತ್ತಾನೆ, ನೆಲದ ಮೇಲೆ ಮಲಗುತ್ತಾನೆ, ಬ್ರಹ್ಮಚರ್ಯದಿಂದ ಇರುತ್ತಾನೆ. ಹೊರಗಿನಿಂದ ನೋಡಿದರೆ ಯತಿಯ ದಿನಚರಿ! ಒಳಗೆ ಇಲ್ಲದಿರುವುದು ಇಚ್ಛೆಯೊಂದೇ. ಅಡುಗೆಮನೆಯ ಹಸಿವನ್ನು ತಪಸ್ಸೆಂದು ಹೊಗಳುವವರು ಈ ದೃಷ್ಟಾಂತವನ್ನು ಒಮ್ಮೆ ಓದಬೇಕು. ಅಕಾಮ ನಿರ್ಜರೆಯೂ ದೇವಾಯುಷ್ಯಕ್ಕೆ ಕಾರಣಗಳಲ್ಲಿ ಒಂದೆಂದು ಸೂತ್ರ ಹೇಳುತ್ತದೆ, ಆದ್ದರಿಂದ ಅವಳಿಗೆ ನಷ್ಟವಿಲ್ಲ ಎಂದು ಇನ್ನೂ ಮುಂದೆ ಹೋಗುವ ವಾದಿಗಳೂ ಇದ್ದಾರೆ. ಇರಬಹುದು. ಸೆರೆಯಾಳಿನ ಲಾಭದಲ್ಲಿ ಸೆರೆಮನೆಯ ಕಾವಲುಗಾರನಿಗೆ ಪಾಲು ಸಿಗುವುದೆಂದು ಯಾವ ಆಚಾರ್ಯರೂ ಬರೆದಿಲ್ಲ.

ಎರಡನೆಯ ಉತ್ತರ: ಯಾರೂ ಬೇಕೆಂದು ಅವಳನ್ನು ಹಸಿದಿಡಲಿಲ್ಲ. ಜನ್ನನ ಯಶೋಧರ ಚರಿತೆ (1209) ಜೈನ ಮನೆಗಳಲ್ಲಿ ಬಲ್ಲ ಕಥೆ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ತಾಯಿ ಮಕ್ಕಳು ಭವಭವಗಳಲ್ಲಿ ಬಳಲಿದರು. ಪ್ರಾಣವಿಲ್ಲದ ಕೋಳಿಯಾದರೂ ಸಂಕಲ್ಪದಿಂದಲೇ ಹಿಂಸೆ ಆಯಿತು. ಈ ಕಥೆಯನ್ನು ಕೇಳಿದವರು ಅದನ್ನು ತಿರುಗಿಸಿ, ಸಂಕಲ್ಪವಿಲ್ಲದಿದ್ದರೆ ಹಿಂಸೆಯೇ ಇಲ್ಲ ಎಂದು ತಿಳಿದುಕೊಳ್ಳುವುದುಂಟು. ಸೂತ್ರಕಾರರು ಹಿಂಸೆಯ ಲಕ್ಷಣವನ್ನು ಹಾಗೆ ಹೇಳಿಲ್ಲ. ಪ್ರಮತ್ತಯೋಗವೆಂಬುದೇ ಅಲ್ಲಿ ಮೊದಲ ಪದ. ಎಚ್ಚರ ತಪ್ಪಿದ ಮನೋವಾಕ್ಕಾಯಗಳು. ನೆಲ ನೋಡಿ ನಡೆಯದವನು ಇರುವೆಯನ್ನು ಕೊಲ್ಲಬೇಕೆಂದು ಹೊರಟವನಲ್ಲ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಉಂಡು, ಬಡಿಸಿದವಳು ಯಾವಾಗ ಉಂಡಳೆಂದು ಒಮ್ಮೆಯೂ ಕೇಳದವನದು ಇದೇ ಬಗೆಯ ಅಜಾಗ್ರತೆ. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳಲ್ಲಿ ಮೊದಲನೆಯದನ್ನು ಮುಚ್ಚಿದ ಮಾತ್ರಕ್ಕೆ ಉಳಿದೆರಡು ತಾವಾಗಿ ಮುಚ್ಚಿಕೊಳ್ಳವು.

ಅತಿಭಾರಾರೋಪಣದ ಮಾತನ್ನೂ ಇಲ್ಲಿಯೇ ಆಡಬೇಕು. ಆಹಾರಶುದ್ಧಿಯ ನಿಯಮಗಳು ಒಂದೊಂದೂ ಅರ್ಥವುಳ್ಳವು, ಸಂದೇಹವಿಲ್ಲ. ಸೋಸಿದ ನೀರಿಗೆ ಒಂದು ಮುಹೂರ್ತದ ಮರ್ಯಾದೆ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ನೀರು ತಂದ ಎಡೆಗೇ ಮುಟ್ಟಿಸಬೇಕು. ಕಾಳನ್ನು ಒಂದೊಂದಾಗಿ ನೋಡಿ ಆರಿಸಬೇಕು. ಬಸದಿಯಲ್ಲಿ ಗುರುಗಳ ಮುಂದೆ ಕೈಮುಗಿದು ನಿಯಮ ತೆಗೆದುಕೊಳ್ಳಲು ಅರ್ಧ ಗಳಿಗೆ ಸಾಕು. ಅದನ್ನು ನಡೆಸಲು ಯಾರೋ ಒಬ್ಬರ ಎರಡು ತೋಳುಗಳು ಆಯುಷ್ಯವಿಡೀ ಬೇಕು. ಹಿಂದಿನ ಕಾಲದ ಮನೆಗಳಲ್ಲಿ ಮಳೆಗಾಲದ ಮೂರು ದಿನಕ್ಕೊಮ್ಮೆ ಬೀಸುಕಲ್ಲಿನ ಮುಂದೆ ಕೂತವರು ಯಾರೆಂಬುದು ಎಲ್ಲರಿಗೂ ಗೊತ್ತು. ಈಗ ಗಿರಣಿ ಬಂದಿದೆ, ಕೊಳಾಯಿ ಬಂದಿದೆ. ಭಾರ ಇಳಿದಿದೆ, ಆದರೆ ಹೊರುವ ಹೆಗಲು ಬದಲಾಗಿಲ್ಲ. ನಿಯಮವನ್ನು ತೆಗೆದುಕೊಂಡವನು ಕಾಳನ್ನು ಆರಿಸಲು ಕೂತರೆ ಅವನ ವ್ರತಕ್ಕೆ ಯಾವ ಭಂಗವೂ ಬಾರದು.

ಮುನಿಗಳ ಆಹಾರವಿಧಿಯನ್ನು ಗಮನಿಸಿದರೆ ಈ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ದಿನಕ್ಕೊಮ್ಮೆ, ನಿಂತು, ಕೈಯಲ್ಲಿ ಮಾತ್ರ ಆಹಾರ ಸ್ವೀಕರಿಸುವ ದಿಗಂಬರ ಮುನಿಗಳು ತಮಗಾಗಿಯೇ ಮಾಡಿದ್ದನ್ನು ಒಲ್ಲರು. ಅವರ ಚರ್ಯೆಗೆ ಭ್ರಾಮರೀವೃತ್ತಿಯೆಂದು ಹೆಸರು. ದುಂಬಿಯು ಹೂವನ್ನು ನೋಯಿಸದೆ ಮಧುವನ್ನು ಕೊಳ್ಳುವಂತೆ, ಕೊಡುವವರಿಗೆ ಬಾಧೆಯಾಗದಂತೆ ಕೊಳ್ಳುವುದು ಎಂದು ಅಕಲಂಕದೇವರು ರಾಜವಾರ್ತಿಕದಲ್ಲಿ ವಿವರಿಸಿದ್ದಾರೆ. ಸರ್ವಸಂಗ ಪರಿತ್ಯಾಗಿಯ ತುತ್ತಿಗೂ ಈ ಕಟ್ಟುಪಾಡು ಇದ್ದ ಮೇಲೆ, ಅಂಗಡಿಯಿಂದ ಬಂದು ಮಣೆಯ ಮೇಲೆ ಕೂರುವ ಗೃಹಸ್ಥನಿಗೆ ಅದು ಇಲ್ಲವೆಂದು ಹೇಳಲು ಬಾಯಿ ಹೇಗೆ ಬಂದೀತು?

ಹಾಗಾದರೆ ವ್ರತವನ್ನು ಸಡಿಲಿಸಬೇಕೇ, ಅವಳಿಗಾಗಿ ದೀಪದ ಬೆಳಕಿನಲ್ಲಿ ಊಟದ ಪದ್ಧತಿ ತರಬೇಕೇ ಎಂದು ಕೇಳುವವರಿದ್ದಾರೆ. ವಿದ್ಯುದ್ದೀಪವಿರುವಾಗ ಕತ್ತಲೆಯ ದೋಷವೆಲ್ಲಿ ಎಂಬ ವಾದವೂ ಇದರ ಬೆನ್ನಿಗೇ ಬರುತ್ತದೆ. ದೀಪವು ಹುಳುಗಳನ್ನು ಓಡಿಸುವುದಿಲ್ಲ, ಕರೆಯುತ್ತದೆ. ಆ ಚರ್ಚೆ ಅಷ್ಟಕ್ಕೇ ಸಾಕು. ಸಡಿಲಿಸಬೇಕಾದದ್ದು ವ್ರತವಲ್ಲ, ಬಿಸಿ ರೊಟ್ಟಿಯ ಹಟ. ಮೇಲೆ ಹೇಳಿದ ಮನೆಯಲ್ಲಿ ನಡೆಯುತ್ತಿದ್ದುದೇನು? ಹಿರಿಯರು ಪರ್ವದ ದಿನಗಳಲ್ಲಿ ತುಪ್ಪ ಬಿಟ್ಟವರು, ಉಪ್ಪು ಬಿಟ್ಟವರು. ರಸಪರಿತ್ಯಾಗದಲ್ಲಿ ಅವರಿಗೆ ಸಮಾನರು ಆ ಊರಿನಲ್ಲಿ ಇಲ್ಲ. ಬಿಟ್ಟಿರದ ರಸವೊಂದಿತ್ತು, ಅದು ಹಂಚಿನ ಬಿಸಿ. ಆ ಒಂದು ರಸಕ್ಕಾಗಿ ಸೊಸೆ ಒಲೆಯ ಮುಂದೆ ನಿಲ್ಲಬೇಕಾಗಿತ್ತು. ನಾಲ್ಕು ಗಂಟೆಗೇ ರೊಟ್ಟಿ ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟರೆ ಐವರೂ ಆರನೆಯವಳೂ ಒಂದೇ ಪಂಕ್ತಿಯಲ್ಲಿ ಉಣ್ಣಬಹುದಾಗಿತ್ತು.

ಒಂದು ದಿನ ಹೊತ್ತು ಸಾಲದೆ ಹೋದರೆ ಹಸಿದಿರಬೇಕಾದವರು ಯಾರು ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ, ಇದೇ ಕಠಿಣವಾದದ್ದು. ರೂಢಿಯ ಉತ್ತರ: ಬಡಿಸುವವಳು. ನ್ಯಾಯದ ಉತ್ತರ: ತಡವಾಗಿ ಬಂದವನು. ವ್ರತದ ಬೆಲೆಯನ್ನು ವ್ರತವನ್ನು ತೆಗೆದುಕೊಂಡವನು, ಅದರಲ್ಲಿಯೂ ಅಂದಿನ ತಡಕ್ಕೆ ಕಾರಣನಾದವನು ತೆರಬೇಕು. ಅವನು ಅಂದು ಸಂಕಲ್ಪಪೂರ್ವಕವಾಗಿ ಆಹಾರವನ್ನು ಬಿಟ್ಟರೆ ಅದು ತಪಸ್ಸಾಗುತ್ತದೆ. ಅದೇ ಹಸಿವನ್ನು ಇನ್ನೊಬ್ಬರ ಹೊಟ್ಟೆಗೆ ದಾಟಿಸಿದರೆ ಅನ್ನಪಾನ ನಿರೋಧವಾಗುತ್ತದೆ. ಮನೆಯಲ್ಲಿ ಒಂದೇ ಪ್ರಮಾಣದ ಹಸಿವು, ಒಂದೇ ಸಂಜೆ. ಯಾರ ಹೊಟ್ಟೆಯಲ್ಲಿ ಇದೆಯೆಂಬುದರ ಮೇಲೆ ಅದು ನಿರ್ಜರೆಯೋ ಅತಿಚಾರವೋ ಆಗುತ್ತದೆ.

ಆ ಹಿರಿಯರು ಮರುದಿನ ಪತ್ನಿಗೆ ಏನೂ ಹೇಳಲಿಲ್ಲ. ಮೂರು ನಾಲ್ಕು ದಿನ ಕಳೆದ ಮೇಲೆ ಸಂಜೆಯ ರೊಟ್ಟಿ ಮುಂಚೆಯೇ ಆಗಲಿ, ತಮಗೆ ಆರಿದ್ದೇ ಆಗಬಹುದು ಎಂದರು. ಸೊಸೆಯ ತಟ್ಟೆಯೂ ಎಲ್ಲರ ತಟ್ಟೆಯ ಸಾಲಿನಲ್ಲಿ ಬಂದಿತು. ಸಂತೆಯ ದಿನಗಳಲ್ಲಿ ಮಗನಿಗಾಗಿ ಕಾಯುವುದು ನಿಂತಿತು. ಮೊದಲ ಸಂತೆಯ ದಿನ ಹೊತ್ತು ಮುಳುಗಿದ ಮೇಲೆ ಬಂದ ಅವನು ಕೈಕಾಲು ತೊಳೆದುಕೊಂಡು ನೇರವಾಗಿ ಸ್ವಾಧ್ಯಾಯಕ್ಕೆ ಕುಳಿತ. ಎಲ್ಲವೂ ಸುಸೂತ್ರವಾಯಿತೆಂದು ಹೇಳಲಾಗದು. ಅತ್ತೆ ಮಾವಂದಿರ ಎದುರಿಗೆ, ಅವರೊಡನೆಯೇ ಕೂತು ಉಣ್ಣುವುದು ಸೊಸೆಗೆ ಹಸಿದಿರುವುದಕ್ಕಿಂತ ಕಷ್ಟವಾಯಿತು. ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು. ಎರಡೆರಡು ಸಲ ಎದ್ದು ಏನನ್ನೋ ತರುವ ನೆಪದಲ್ಲಿ ಒಳಗೆ ಹೋಗಿ ನಿಲ್ಲುತ್ತಿದ್ದಳು. ಅವಳು ಪೂರ್ತಿ ಊಟ ಮಾಡಿ ಏಳುವಂತಾಗಲು ಆ ಚಾತುರ್ಮಾಸ್ಯ ಕಳೆಯಬೇಕಾಯಿತು. ಅತ್ತೆಯಂತೂ ನಲವತ್ತು ವರ್ಷದ ಅಭ್ಯಾಸದಿಂದ ಈಗಲೂ ಎಲ್ಲರ ತಟ್ಟೆಯನ್ನು ಒಮ್ಮೆ ನೋಡಿದ ಮೇಲೆಯೇ ತಮ್ಮ ರೊಟ್ಟಿಯನ್ನು ಮುರಿಯುತ್ತಾರೆ.