ಒಳ್ಳೆಯ ಮಾತಿಗೆ ಕಮಿಷನ್ ಪಡೆಯಬಹುದೇ?

ಕೆಲವು ವಾರಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಗೃಹಿಣಿಯೊಬ್ಬರು ಚರ್ಚಿನ ಮೆಟ್ಟಿಲ ಬಳಿ ನನಗಾಗಿ ಕಾದಿದ್ದರು. ಪತಿ ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಕೆಲಸಗಾರ. ಒಂದು ವಾರ ಕೆಲಸ ಇದ್ದರೆ ಇನ್ನೊಂದು ವಾರ ಇಲ್ಲ. ಸಂಸಾರಕ್ಕೆ ಆಸರೆಯಾಗಲೆಂದು ಈಕೆ ಒಂದು ದಾರಿ ಕಂಡುಕೊಂಡಿದ್ದಾರೆ. ಮಿಕ್ಸಿ, ಕುಕ್ಕರ್, ಮಕ್ಕಳ ಶೂ, ಹೀಗೆ ಯಾವುದಾದರೂ ಸಾಮಾನು ಚೆನ್ನಾಗಿದೆಯೆಂದು ನಾಲ್ಕು ಸಾಲು ಬರೆದು, ಅದನ್ನು ಕೊಳ್ಳುವ ಕೊಂಡಿಯನ್ನು ಮೊಬೈಲಿನಲ್ಲಿ ನೆಂಟರಿಷ್ಟರಿಗೂ ಅಕ್ಕಪಕ್ಕದವರಿಗೂ ಕಳುಹಿಸುತ್ತಾರೆ. ಅದರ ಮೂಲಕ ಯಾರಾದರೂ ಕೊಂಡರೆ ಮಾರುವ ಕಂಪನಿ ನೂರಕ್ಕೆ ಇಷ್ಟೆಂದು ಲೆಕ್ಕ ಹಾಕಿ ಈಕೆಯ ಖಾತೆಗೆ ಜಮಾ ಮಾಡುತ್ತದೆ. ಕೊಂಡವರಿಗೆ ಅದರಿಂದ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. "ಸ್ವಾಮಿ, ಇದು ಪಾಪಾನಾ?" ಎಂದು ಕೇಳಿದರು.

"ದುಡಿದು ತಿನ್ನುವುದು ಪಾಪ ಹೇಗಾದೀತು, ಹೋಗಮ್ಮ" ಎಂದುಬಿಟ್ಟೆ. ಇನ್ನೊಂದು ಹಳ್ಳಿಯಲ್ಲಿ ಪೂಜೆಗೆ ಹೊತ್ತಾಗಿತ್ತು. ದಾರಿಯಲ್ಲಿ ಯೋಚನೆ ಬಂತು: ಪಾಪವಲ್ಲವೆಂದು ಆಕೆಗೇ ಅನಿಸಿದ್ದರೆ ನನ್ನನ್ನು ಕೇಳುತ್ತಿದ್ದರೇ? ಮುಂದಿನ ವಾರ ನಾನೇ ವಿಚಾರಿಸಿದೆ. ಪಕ್ಕದ ಮನೆಯಾಕೆ ಈಕೆಯ ಮಾತು ನಂಬಿ ಮಿಕ್ಸಿ ತರಿಸಿಕೊಂಡಿದ್ದರಂತೆ. "ನೀನು ಹೇಳಿದೆಯಲ್ಲಾ, ಅದಕ್ಕೇ ತಗೊಂಡೆ" ಎಂದು ಹೊಲದಿಂದ ಬಂದ ಅವರೆಕಾಯಿಯನ್ನು ಒಂದು ಚೀಲ ತಂದುಕೊಟ್ಟರಂತೆ. ಆ ಮಿಕ್ಸಿಯನ್ನು ಈಕೆ ಕಣ್ಣಿನಿಂದಲೂ ನೋಡಿರಲಿಲ್ಲ. ಕಮಿಷನ್ ಪಡೆದಾಗ ಚುಚ್ಚದಿದ್ದ ಮನಸ್ಸಾಕ್ಷಿ ಅವರೆಕಾಯಿ ಸುಲಿಯುವಾಗ ಚುಚ್ಚಿತು.

ದಲ್ಲಾಳಿ ಕೆಲಸವೇ ಕೀಳೆಂದು ನಾನು ಹೇಳುವುದಿಲ್ಲ. ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನೀವು ನೋಡಿರಬಹುದು. ಹಳೆಯ ಪದ್ಧತಿಯಲ್ಲಿ ದಲ್ಲಾಳಿ ಹೆಗಲ ಮೇಲಿನ ಟವೆಲನ್ನು ಕೈಗಳ ಮೇಲೆ ಹಾಕಿ, ಅದರಡಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುತ್ತಾನೆ. ಬೆಲೆ ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ಆದರೆ ಆತ ದಲ್ಲಾಳಿ ಎಂಬುದು ಜಾತ್ರೆಗೆಲ್ಲ ಗೊತ್ತು. ಆದ್ದರಿಂದ ಅವನು "ಹಲ್ಲು ನೋಡಿ, ಎರಡೇ ಎರಡು" ಎಂದರೆ ರೈತ ತಲೆಯಾಡಿಸಿ, ತಾನೇ ಎತ್ತಿನ ಬಾಯಿ ತೆರೆದು ನೋಡುತ್ತಾನೆ. ಈಗಿನ ಕಮಿಷನ್ ವ್ಯಾಪಾರದಲ್ಲಿ ಇದು ತಿರುಗುಮುರುಗಾಗಿದೆ. ಬೆಲೆ ಎಲ್ಲರ ಕಣ್ಣಮುಂದಿದೆ, ಟವೆಲಿನ ಕೆಳಗೆ ಕುಳಿತಿರುವವನು ದಲ್ಲಾಳಿಯೇ. ಅಕ್ಕ, ಗೆಳತಿ, ಪಕ್ಕದ ಮನೆಯಾಕೆ ಎಂದುಕೊಂಡು ನಾವು ಎತ್ತಿನ ಬಾಯಿ ನೋಡದೆಯೇ ಹಣ ಎಣಿಸುತ್ತೇವೆ.

ಪತ್ರಿಕೆಯ ಜಾಹೀರಾತಿಗೂ ಇದಕ್ಕೂ ಇರುವ ಅಂತರ ಇದೇ. ಜಾಹೀರಾತು ತನ್ನ ಚೌಕಟ್ಟಿನೊಳಗೆ ಕುಳಿತು, ತಾನು ಜಾಹೀರಾತೆಂದೇ ಮಾತನಾಡುತ್ತದೆ. ಅದು ಸುಳ್ಳಾಡಬಾರದು, ಮನುಷ್ಯನ ಘನತೆಗೆ ಕುಂದು ತರಬಾರದು, ಸಮಾಜದ ಹೊಣೆಯನ್ನು ಮರೆಯಬಾರದು ಎಂದು ವ್ಯಾಟಿಕನ್ನಿನ ಸಮೂಹ ಸಂಪರ್ಕ ಮಾಧ್ಯಮಗಳ ಸಮಿತಿ 1997ರಲ್ಲಿ ಜಾಹೀರಾತಿನ ನೀತಿಯ ಬಗ್ಗೆ ಪ್ರಕಟಿಸಿದ ದಾಖಲೆಯಲ್ಲಿ ತಿಳಿಸಿದೆ. ಜಾಹೀರಾತನ್ನು ಧರ್ಮಸಭೆ ಬೇಡವೆನ್ನಲಿಲ್ಲ.

ಸೆಮಿನರಿಯಲ್ಲಿ ಸಂತ ತೋಮಸ್ ಅಕ್ವಿನಾಸರನ್ನು ಓದುವಾಗ ಒಂದು ಪ್ರಶ್ನೆ ಬರುತ್ತಿತ್ತು. ಬರಗಾಲದ ಊರಿಗೆ ವ್ಯಾಪಾರಿಯೊಬ್ಬ ಧಾನ್ಯ ತರುತ್ತಾನೆ. ಹಿಂದೆ ಇನ್ನೂ ಅನೇಕರು ಧಾನ್ಯ ಹೊತ್ತು ಬರುತ್ತಿದ್ದಾರೆಂದು ಅವನಿಗೆ ಗೊತ್ತು. ಅದನ್ನು ಹೇಳಿದರೆ ಬೆಲೆ ಇಳಿಯುತ್ತದೆ. ಹೇಳಲೇಬೇಕೇ? ನ್ಯಾಯದ ಪ್ರಕಾರ ಅವನು ಹೇಳಬೇಕಾಗಿಲ್ಲ, ಹೇಳಿದರೆ ಅದು ಹೆಚ್ಚಿನ ಸದ್ಗುಣ ಎಂದು ಸಂತರ ಉತ್ತರ. ಲಾಭದ ಬಗ್ಗೆಯೂ ಅವರು ಬಿಗಿಯಾಗಿಲ್ಲ. ಸಂಸಾರ ಸಾಕಲು, ಬಡವರಿಗೆ ನೆರವಾಗಲು ಮಿತವಾದ ಲಾಭ ಪಡೆಯುವುದು ಸಲ್ಲುತ್ತದೆ ಎನ್ನುತ್ತಾರೆ. ನಮ್ಮ ಗೃಹಿಣಿಗೆ ಇಷ್ಟು ಸಾಕಲ್ಲವೇ ಎಂದು ನನಗೂ ಅನಿಸಿತ್ತು. ಆದರೆ ಆ ವ್ಯಾಪಾರಿ ಧಾನ್ಯದ ಮೂಟೆಯ ಮೇಲೆಯೇ ಕುಳಿತಿದ್ದಾನೆ. ಮಾರಲು ಬಂದವನೆಂದು ಊರಿಗೆ ಗೊತ್ತಿದೆ. ಅವನು ಮೂಟೆಯನ್ನು ಮರೆಯಲ್ಲಿಟ್ಟು, ನೆಂಟನ ವೇಷದಲ್ಲಿ ಮನೆಮನೆಗೂ ಹೋಗಿ "ಆ ವ್ಯಾಪಾರಿಯ ಧಾನ್ಯ ಬಹಳ ಚೆನ್ನಾಗಿದೆ" ಎಂದಿದ್ದರೆ ಸಂತರು ಅದೇ ಉತ್ತರ ಕೊಡುತ್ತಿದ್ದರೆಂದು ನಾನು ನಂಬಲಾರೆ.

"ಹೇಳಿದ್ದು ನಿಜವೇ ಆದರೆ? ಮಿಕ್ಸಿ ನಿಜಕ್ಕೂ ಚೆನ್ನಾಗಿದ್ದರೆ?" ಎಂದು ನೀವು ಕೇಳಬಹುದು. ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ 16ನೇ ಅಧ್ಯಾಯವನ್ನು ತೆರೆದು ನೋಡಿ. ಫಿಲಿಪ್ಪಿ ಪಟ್ಟಣದಲ್ಲಿ ಕಣಿ ಹೇಳುವ ದೆವ್ವ ಹಿಡಿದಿದ್ದ ಒಬ್ಬ ದಾಸಿ ಇದ್ದಳು. ಅವಳ ಮಾತಿನಿಂದ ಯಜಮಾನರಿಗೆ ಒಳ್ಳೆಯ ಆದಾಯ. ಅವಳು ಪೌಲ, ಸೀಲರ ಬೆನ್ನು ಹತ್ತಿ, ಇವರು ಪರಾತ್ಪರ ದೇವರ ದಾಸರೆಂದು ಹಲವು ದಿನ ಕೂಗಿದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಇವತ್ತಿನ ಲೆಕ್ಕದಲ್ಲಿ ಪೌಲನಿಗೆ ಬಿಟ್ಟಿ ಪ್ರಚಾರ. ಆದರೂ ಅವನು ಬೇಸತ್ತು ದೆವ್ವವನ್ನು ಬಿಡಿಸಿದ. ಅವಳ ನಾಲಿಗೆ ಅವಳದಾಗಿರಲಿಲ್ಲ, ಅದರ ಗಳಿಕೆ ಬೇರೆಯವರ ಚೀಲಕ್ಕೆ ಹೋಗುತ್ತಿತ್ತು. ಲಾಭದ ಆಸೆ ಹೋದೊಡನೆ ಯಜಮಾನರು ಪೌಲ, ಸೀಲರನ್ನು ಚೌಕಕ್ಕೆ ಎಳೆದೊಯ್ದರು. ಅಲ್ಲಿ ಅವರು ಹೊರಿಸಿದ ಆರೋಪ ನಮ್ಮ ಊರನ್ನು ಕೆಡಿಸುತ್ತಾರೆ ಎಂಬುದು. ಆದಾಯದ ಮಾತನ್ನೇ ಎತ್ತಲಿಲ್ಲ. ನಿಜವಾದ ಮಾತೂ ಗುಟ್ಟಾಗಿ ಬಾಡಿಗೆಗೆ ಹೋಗಬಲ್ಲದು ಎಂಬುದು ನನಗೆ ಈ ಭಾಗದಲ್ಲಿ ಕಾಣುವ ಅರ್ಥ.

ಕಾನೂನು ಕೂಡ ಈಗ ಇದನ್ನು ಗುರುತಿಸಿದೆ. ಹಣ, ಉಡುಗೊರೆ ಅಥವಾ ಬೇರೆ ಪ್ರಯೋಜನ ಪಡೆದು ಒಂದು ವಸ್ತುವನ್ನು ಹೊಗಳುವವರು ಆ ಸಂಬಂಧವನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚನೆ ಹೊರಡಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ. ಇದು ನಮ್ಮ ಮಗ್ಗದ ಮನೆಯಾಕೆಯನ್ನು ಹೆದರಿಸಲು ಬರೆದದ್ದಲ್ಲ. ಮನಸ್ಸಾಕ್ಷಿಗೆ ಮೊದಲೇ ಗೊತ್ತಿದ್ದದ್ದನ್ನು ಸರ್ಕಾರ ಆಮೇಲೆ ಬರೆದುಕೊಂಡಿದೆ, ಅಷ್ಟೆ.

ಧರ್ಮಸಭೆಗೂ ಈ ವಿಷಯದಲ್ಲಿ ಕಹಿ ಅನುಭವವಿದೆ. ದಂಡವಿಮೋಚನೆಯನ್ನು ಬೋಧಿಸುತ್ತಾ ಕಾಣಿಕೆ ಎತ್ತುವವರು ಒಂದು ಕಾಲದಲ್ಲಿ ಊರೂರು ಸುತ್ತುತ್ತಿದ್ದರು. ಬೋಧನೆ ಎಲ್ಲಿ ಮುಗಿಯಿತು, ವಸೂಲಿ ಎಲ್ಲಿ ಆರಂಭವಾಯಿತು ಎಂದು ಭಕ್ತರಿಗೆ ತಿಳಿಯದಂತಾಯಿತು. ಟ್ರೆಂಟ್ ಮಹಾಸಭೆ 1562ರಲ್ಲಿ ಆ ವಸೂಲಿಗಾರರ ಹುದ್ದೆಯನ್ನೇ ರದ್ದು ಮಾಡಿತು. ಹಣದ ವ್ಯವಹಾರಕ್ಕೆ ಅಂಟಿಕೊಂಡಿದ್ದ ದಂಡವಿಮೋಚನೆಗಳನ್ನು ಐದನೇ ಪಿಯುಸ್ ಜಗದ್ಗುರುಗಳು 1567ರಲ್ಲಿ ತೆಗೆದುಹಾಕಿದರು. ಪೂಜೆಯ ಕಾಣಿಕೆಯಲ್ಲಿ ವ್ಯಾಪಾರದ ನೆರಳೂ ಕಾಣಬಾರದೆಂದು ಇಂದಿನ ಧರ್ಮಸಭಾ ಕಾನೂನಿನ 947ನೇ ವಿಧಿ ಹೇಳುತ್ತದೆ.

ಇಷ್ಟೆಲ್ಲ ತಿಳಿದ ನಾನೇ ಒಮ್ಮೆ ಎಡವಿದ್ದೇನೆ. ದೇವನಹಳ್ಳಿಗೆ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಸುತ್ತಿನ ಹೊಲಗಳು ಹೇಗೆ ಬಡಾವಣೆಗಳಾದವು ಎಂಬುದನ್ನು ನೀವು ಬಲ್ಲಿರಿ. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ಚಾವಣಿ ಸೋರುತ್ತಿತ್ತು. ನಿವೇಶನ ಮಾರುವವರೊಬ್ಬರು ಬಂದು, ನಿಮ್ಮ ಜನ ಕೊಂಡರೆ ನಿವೇಶನಕ್ಕೆ ಇಷ್ಟೆಂದು ಚಾವಣಿ ನಿಧಿಗೆ ಕೊಡುತ್ತೇನೆ ಎಂದರು. ನನ್ನ ಜೇಬಿಗೆ ಒಂದು ಕಾಸೂ ಇರಲಿಲ್ಲವಾದ್ದರಿಂದ ನನಗೆ ತಪ್ಪೆನಿಸಲಿಲ್ಲ. ಪೂಜೆಯ ಕೊನೆಯ ಪ್ರಕಟಣೆಗಳಲ್ಲಿ, ಹಬ್ಬದ ನೊವೆನಾ ಮತ್ತು ಮಕ್ಕಳ ಧರ್ಮೋಪದೇಶದ ನಡುವೆ, ಅದನ್ನೂ ಓದಿದೆ. ಚಾವಣಿ ನಿಧಿಯ ಮಾತು ಮಾತ್ರ ಹೇಳಲಿಲ್ಲ. ಒಂದು ಕುಟುಂಬ ಕೊಂಡಿತು. ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆಯೇ ತುಂಡು ಮಾಡಿದ ನಿವೇಶನ ಅದು. ಖಾತೆ ಆಗಲಿಲ್ಲ, ಬ್ಯಾಂಕು ಸಾಲ ಕೊಡಲಿಲ್ಲ. ಆ ಮನೆಯವರು ನನಗೆ ಒಂದು ಮಾತನ್ನೂ ಅನ್ನಲಿಲ್ಲ.

ಮಿಕ್ಸಿಯ ಪ್ರಶ್ನೆ ಕೇಳಿದಾಕೆಗೆ, "ಮೊದಲ ಸಾಲಿನಲ್ಲೇ ನನಗೆ ಕಮಿಷನ್ ಬರುತ್ತದೆ ಎಂದು ಬರೆಯಿರಿ, ಬಳಸಿ ನೋಡದ್ದನ್ನು ಹೊಗಳಬೇಡಿ" ಎಂದು ಹೇಳಿದ ದಿನ, ಇದನ್ನು ಹೇಳುವ ಬಾಯಿ ಯಾವುದು ಎಂದು ನಾಚಿಕೆಯಾಯಿತು. ಅದೇ ವಾರ ಬಸ್ಸು ಹತ್ತಿ ಆ ಹಳೆಯ ಧರ್ಮಕೇಂದ್ರಕ್ಕೆ ಹೋದೆ. ಈಗಿನ ಗುರುಗಳಿಗೂ ಹಣಕಾಸು ಸಮಿತಿಗೂ ವಿಷಯ ತಿಳಿಸಿದೆ. ಅಂದು ನಿಧಿಗೆ ಬಂದ ಮೊತ್ತವನ್ನು ನನ್ನ ಕೈಯಿಂದ ಕಂತಿನಲ್ಲಿ ಆ ಕುಟುಂಬಕ್ಕೆ ಕೊಡುವುದೆಂದು ತೀರ್ಮಾನಿಸಿ ಅವರ ಮನೆಗೆ ಹೋದೆ. ಮನೆಯ ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡರು. ಕೋಪಿಸಿಕೊಳ್ಳಲಿಲ್ಲ, ಕಾಫಿ ತರಿಸಿದರು. ಲೋಟ ಕೆಳಗಿಟ್ಟು ಹೇಳಿದರು: "ಅವತ್ತೇ ಹೇಳಿದ್ದರೂ ನಾವು ಕೊಳ್ಳುತ್ತಿದ್ದೆವೇನೋ ಸ್ವಾಮಿ. ಆದರೆ ಕಾಗದಪತ್ರವನ್ನ ಇನ್ನೊಬ್ಬರಿಗೆ ತೋರಿಸ್ತಿದ್ದೆ. ನೀವು ಹೇಳಿದ್ದೀರಿ ಅಂತ ತೋರಿಸಲಿಲ್ಲ."