ಮೈಲಿಗೆ ಯಾರದು?

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಸಂಪ್ರದಾಯ ಇನ್ನೂ ಪೂರ್ತಿ ಅಳಿದಿಲ್ಲ. ವಿದ್ಯಾರ್ಥಿಗಳೊಡನೆ ಆ ಕಡೆ ಹೋಗಿದ್ದಾಗ ಅಂಥದೊಂದು ಗುಡಿಸಲನ್ನು ಕಂಡೆ. ಮಣ್ಣಿನ ನೆಲ, ಅದರ ಮೇಲೊಂದು ಚಾಪೆ, ಚಾಪೆಯ ಮೇಲೆ ತಾಯಿ ಮತ್ತು ಕೂಸು. "ಸೂತಕ ಅಲ್ವಾ ಸ್ವಾಮಿ, ದ್ಯಾವ್ರು ಒಪ್ಪಲ್ಲ" ಎಂದಳು ಹತ್ತಿರ ನಿಂತಿದ್ದ ಮುದುಕಿ.

ಹಿಂತಿರುಗುವಾಗ ಹುಡುಗನೊಬ್ಬ ಕೇಳಿದ: "ಇದೂ ಒಂದು ಕ್ವಾರಂಟೈನೇ ಅಲ್ಲವೆ, ಸಾರ್? ನಮ್ಮ ಹಿರಿಯರಿಗೆ ರೋಗಾಣುವಿನ ವಿಚಾರ ತಿಳಿದಿತ್ತೆಂದು ತೋರುತ್ತದೆ."

ಓದಿದವರಾದ ನಾವು ಮೆಚ್ಚಿಕೊಳ್ಳುವಂಥ ಮಾತು. ಆದರೆ ನಿಜವೆ? ರೋಗಾಣು ದೇಹವನ್ನು ಹೊಗಲು ಬಾಗಿಲು ಬೇಕು: ಬಾಯಿ, ಮೂಗು, ಇಲ್ಲವೆ ಗಾಯ. ಹೆತ್ತವಳ ಗರ್ಭಕೋಶದ ಒಳಗೋಡೆಯೇ ಒಂದು ಹಸಿ ಗಾಯ. ಕತ್ತರಿಸಿದ ಹೊಕ್ಕುಳು ಕೂಸಿನ ಗಾಯ. ಧನುರ್ವಾಯುವಿನ ರೋಗಾಣುವೋ ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಗಟ್ಟಲೆ ಕಾದಿರಬಲ್ಲದು. ಹಾಗಿರುವಾಗ ಸೂತಕವು ಊರನ್ನು ತಾಯಿಯಿಂದ ಕಾಯುತ್ತದೆ, ಕಾಯಬೇಕಾದ್ದು ತಾಯಿಯನ್ನು.

ರೋಗಾಣುವಿನ ಪರಿಚಯ ಇನ್ನೂ ಆಗದಿದ್ದ 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯ ಸೆಮ್ಮೆಲ್‌ವೈಸ್ ಎಂಬ ವೈದ್ಯ ಇದನ್ನು ಕಂಡುಕೊಂಡ. ಹೆಣ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆ ಮಾಡಿಸುತ್ತಿದ್ದರು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಅವರ ಕೈ ತೊಳೆಯಿಸಿದ. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ವೇಳೆಗೆ ಸುಮಾರು 2ಕ್ಕೆ ಇಳಿಯಿತು. ಆದರೂ ಅನೇಕ ವೈದ್ಯರು ಒಪ್ಪಲಿಲ್ಲ. ಕೊಲ್ಲುವ ಕೊಳೆ ತಮ್ಮ ಕೈಯಲ್ಲೇ ಇದೆಯೆಂದು ಯಾರು ತಾನೆ ಸುಲಭವಾಗಿ ಒಪ್ಪಿಯಾರು?

ಆ ಮುದುಕಿಯನ್ನು ನಾನು ಹಳಿಯಲಾರೆ. 2020ರಲ್ಲಿ ಕೊರೋನಾ ಬಂದಾಗ ಮನೆಗೆಲಸದಾಕೆಗೆ ಬೇರೆ ಲೋಟ ತೆಗೆದಿರಿಸಿದವನು ನಾನು. ಪೇಟೆಗೆ ಹೋಗಿಬರುತ್ತಿದ್ದ ನಾನೇ ಆಕೆಗೆ ಸೋಂಕು ಅಂಟಿಸಬಹುದೆಂಬ ಯೋಚನೆ ಒಮ್ಮೆಯೂ ಬರಲಿಲ್ಲ. ಸೋಂಕು ಅಡಗಿದ ಮೇಲೂ ಆ ಲೋಟ ಬೇರೆಯಾಗಿಯೇ ಉಳಿಯಿತು. ವಿಜ್ಞಾನದ ಹೆಸರು ಹೇಳಿಕೊಂಡು ನಾನು ಆಚರಿಸಿದ್ದು ಹಳೆಯ ಮಡಿಯನ್ನೇ.

ರೋಗಿಯನ್ನು ದೂರವಿಡಬೇಕಾದ ಕಾಲವೂ ಉಂಟು, ನಿಜ. ಆದರೆ ಅದು ರೋಗವಿರುವಷ್ಟು ದಿನ ಮಾತ್ರ, ಆರೈಕೆಯೊಡನೆ. ಮಡಿಯಾದರೋ ಇನ್ನೊಬ್ಬರನ್ನು ದೂರ ಸರಿಸಿ ನೆಮ್ಮದಿ ಪಡುತ್ತದೆ. ರೋಗಾಣುವಿನ ಅರಿವು ಮೊದಲು ನನ್ನ ಕೈಯನ್ನು ನೋಡಿಕೊಳ್ಳಲು ಹೇಳುತ್ತದೆ.

ದಾರಿಯಲ್ಲಿ ಹುಡುಗನಿಗೆ ಇಷ್ಟನ್ನು ಹೇಳಲಾಗಲಿಲ್ಲ. ಮನೆಗೆ ಬಂದು ಆ ಲೋಟವನ್ನು ಉಳಿದ ಲೋಟಗಳೊಡನೆ ಸೇರಿಸಿಟ್ಟೆ. ಅಷ್ಟಕ್ಕೇ ನನ್ನ ಮೈಲಿಗೆ ಕಳೆಯಿತೆಂದು ಹೇಳಲಾರೆ.