ಹಾಸಿಗೆಯಿಂದ ಬಂದ ಪತ್ರಗಳು

ಕಾಯಿಲೆ ಬಿದ್ದವರನ್ನು ನೋಡಲು ಹೋದಾಗ ನಮ್ಮ ಸಭೆಗಳ ಕೆಲವರು ಆಡುವ ಒಂದು ಮಾತನ್ನು ನನಗೆ ಸಹಿಸಲಾಗುವುದಿಲ್ಲ: ‘ನಿಮ್ಮ ನಂಬಿಕೆ ಇನ್ನೂ ಗಟ್ಟಿಯಾಗಬೇಕು, ಆಗ ವಾಸಿಯಾಗುತ್ತೆ.’ ಮೊದಲೇ ನೋವು ತಿನ್ನುತ್ತಿರುವವರ ತಲೆಯ ಮೇಲೆ ತಪ್ಪಿನ ಹೊರೆಯನ್ನೂ ಇಟ್ಟು ಬರುತ್ತೇವೆ. ಹಾಗಾದರೆ ಅಪೊಸ್ತಲ ಪೌಲನ ನಂಬಿಕೆ ಸಣ್ಣದಿತ್ತೇ? ಶರೀರದಲ್ಲಿ ನಾಟಿದ ಶೂಲವನ್ನು ತೆಗೆದುಬಿಡು ಎಂದು ಅವನು ಮೂರು ಸಲ ಕರ್ತನನ್ನು ಬೇಡಿಕೊಂಡ. ಶೂಲ ಹೋಗಲಿಲ್ಲ, ಅದನ್ನು ಹೊತ್ತು ನಡೆಯುವಷ್ಟು ಕೃಪೆ ಸಿಕ್ಕಿತು. ಅದು ಯಾವ ಶೂಲ ಎಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಅವನು ಬಿಡಿಸಿ ಹೇಳಿಲ್ಲ. ಒಳ್ಳೆಯದೇ ಆಯಿತು. ಯಾರ ಶೂಲ ಯಾವುದೇ ಇರಲಿ, ಆ ಅಧ್ಯಾಯ ಅವರದೂ ಹೌದು.

ಏಮಿ ಕಾರ್ಮೈಕಲ್ ಅವರ ಬದುಕು ನನಗೆ ಪದೇ ಪದೇ ನೆನಪಾಗುವುದು ಇದಕ್ಕೇ. ಐರ್ಲೆಂಡಿನ ಈ ಹೆಣ್ಣುಮಗಳನ್ನು ಚೀನಾಕ್ಕೆ ಕಳುಹಿಸಲು ಆರೋಗ್ಯದ ಕಾರಣಕ್ಕೆ ಮಿಷನ್ನಿನವರು ಒಪ್ಪಲಿಲ್ಲ. ಜಪಾನಿಗೆ ಹೋದರು, ಅಲ್ಲೂ ಮೈ ಕೈಕೊಟ್ಟಿತು. 1895ರಲ್ಲಿ ಬೆಂಗಳೂರಿಗೆ ಬಂದಿಳಿದು, ಅಲ್ಲಿಂದ ತಿರುನೆಲ್ವೇಲಿ ಸೀಮೆಗೆ ಹೋದರು. ದೇವಾಲಯಗಳಿಗೆ ಒಪ್ಪಿಸಲಾಗುತ್ತಿದ್ದ ಹೆಣ್ಣುಮಕ್ಕಳಿಗೆ ದೋನಾವೂರಿನಲ್ಲಿ ಆಸರೆ ಕೊಟ್ಟು ‘ಅಮ್ಮ’ ಆದರು.

1931ರ ಅಕ್ಟೋಬರ್ 24. ನಿನ್ನ ಸೇವೆಗೆ ನಾನು ಇನ್ನಷ್ಟು ಒದಗುವಂತೆ ಏನು ಬೇಕಾದರೂ ಮಾಡು ಎಂದು ಅಂದು ಬೆಳಿಗ್ಗೆ ಅವರು ಪ್ರಾರ್ಥಿಸಿದ್ದರಂತೆ. ಸಂಜೆಯ ಮಬ್ಬಿನಲ್ಲಿ, ಔಷಧಾಲಯಕ್ಕೆಂದು ಬಾಡಿಗೆ ಹಿಡಿದಿದ್ದ ಮನೆಯನ್ನು ನೋಡಲು ಹೋದವರು ಅಲ್ಲಿ ತೋಡಿದ್ದ ಗುಂಡಿಗೆ ಬಿದ್ದರು. ಕಾಲು ಮುರಿಯಿತು, ಬೆನ್ನಿಗೂ ಪೆಟ್ಟಾಯಿತು. ದೇವರೇ ಅವರನ್ನು ಆ ಗುಂಡಿಗೆ ತಳ್ಳಿದ ಎಂದು ನಾನು ಹೇಳಲಾರೆ. ಹಾಗೆ ಹೇಳುವವರ ಜೊತೆ ಸೇರಲೂ ಆರೆ. ಆದರೆ 1951ರ ಜನವರಿಯಲ್ಲಿ ಕಣ್ಣು ಮುಚ್ಚುವವರೆಗೆ, ಸುಮಾರು 20 ವರ್ಷ, ಹೆಚ್ಚಿನ ಕಾಲವನ್ನು ಅವರು ತಮ್ಮ ಕೋಣೆಯಲ್ಲೇ ಕಳೆದರು. ಒಂದರ ಹಿಂದೆ ಒಂದು ಪುಸ್ತಕ ಆ ಹಾಸಿಗೆಯಿಂದಲೇ ಹೊರಬಂತು.

ಅವುಗಳಲ್ಲಿ ‘ರೋಸ್ ಫ್ರಮ್ ಬ್ರೈಯರ್’ ಹುಟ್ಟಿದ ಬಗೆಯನ್ನು ನೋಡಬೇಕು. ಚೆನ್ನಾಗಿ ಓಡಾಡಿಕೊಂಡಿರುವವರು ರೋಗಿಗಳಿಗೆಂದು ಬರೆದ ಸಾಂತ್ವನದ ಮಾತುಗಳು ಮಲಗಿದ್ದ ಏಮಿ ಅವರಿಗೆ ನಾಟಲಿಲ್ಲ. ಅದಕ್ಕೇ ನೋವು ಇನ್ನೂ ಹಸಿಯಾಗಿರುವಾಗಲೇ, ವಾಸಿಯಾಗಲಿ ಎಂದು ಕಾಯದೆ, ರೋಗಿಯಾಗಿಯೇ ರೋಗಿಗಳಿಗೆ ಪತ್ರ ಬರೆದರು. ಎದ್ದು ಓಡಾಡುತ್ತಿದ್ದ ಏಮಿಯಿಂದ ಈ ಪುಸ್ತಕ ಆಗುತ್ತಿರಲಿಲ್ಲ. ದೇವರ ಬಲ ನಮ್ಮ ನಿತ್ರಾಣವನ್ನು ತೆಗೆದುಹಾಕಿದ ಮೇಲೆಯೇ ಕೆಲಸಕ್ಕೆ ಇಳಿಯುತ್ತದೆ ಎಂದುಕೊಂಡವರು ಈ ಪತ್ರಗಳನ್ನು ಓದಬೇಕು.

ನಿಮ್ಮ ಸಭೆಯಲ್ಲೂ ವರ್ಷಗಟ್ಟಲೆ ಹಾಸಿಗೆ ಹಿಡಿದವರು ಇರಬಹುದು. ಈ ಭಾನುವಾರ ಆರಾಧನೆ ಮುಗಿದ ಮೇಲೆ ಅವರ ಮನೆಗೆ ಹೋಗಿ. ಅವರಿಗಾಗಿ ಪ್ರಾರ್ಥಿಸಿ ಹಾಗೇ ಎದ್ದು ಬರಬೇಡಿ. ನಿಮಗಾಗಿ ಪ್ರಾರ್ಥಿಸಲು ಅವರನ್ನು ಕೇಳಿಕೊಳ್ಳಿ.